ಟೀವಿಯಲ್ಲಿ ಮಗಳ ಮುಖ ಊದಿಕೊಂಡಿತೆ?



ಈ ಹದಿನೈದು ದಿನಗಳ ಅಂಚೆಯಲ್ಲಿ ಮಿಕ್ಸಿ, ಗ್ರೈಂಡರ್, ಗ್ಯಾಸ್ ಒಲೆಗಳ ಕಾಗದಗಳು ಕಡಿಮೆ. ಅವುಗಳಿಗೆ ಬದಲಾಗಿ ಐದಾರು ಮಂದಿ ಒಂದೇ ತೊಂದರೆ ಬರೆದಿದ್ದೀರಿ. ಲಿನಕ್ಸ್ ಹಾಕಿರುವ ಕಂಪ್ಯೂಟರನ್ನು ಹಜಾರದ ಟೀವಿಗೆ ಜೋಡಿಸಿದರೆ ಚಿತ್ರ ಸರಿಯಾಗಿ ಬರುವುದಿಲ್ಲ, ಏನು ಮಾಡುವುದು ಅಂತ. ಇಷ್ಟೊಂದು ಮನೆಗಳಿಗೆ ಒಟ್ಟಿಗೇ ಲಿನಕ್ಸ್ ಬಂದದ್ದಕ್ಕೆ ಕಾರಣವಿದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಅನೇಕ ಹಳೆಯ ಯಂತ್ರಗಳನ್ನು ಹೊಸಿಲೊಳಗೇ ಬಿಟ್ಟುಕೊಳ್ಳುವುದಿಲ್ಲ. ಚೆನ್ನಾಗಿ ಓಡುತ್ತಿರುವ ಲ್ಯಾಪ್‌ಟಾಪನ್ನು ಗುಜರಿಗೆ ಹಾಕಲು ಯಾರಿಗೆ ಮನಸ್ಸು ಬರುತ್ತದೆ ಹೇಳಿ? ಮನೆಯ ಹುಡುಗರು ಅದಕ್ಕೆ ಕಾಸಿಲ್ಲದೆ ಸಿಗುವ ಉಬುಂಟುವನ್ನೋ ಲಿನಕ್ಸ್ ಮಿಂಟನ್ನೋ ಹಾಕಿ, "ಅಮ್ಮಾ, ಇದು ಇನ್ನು ನಿನ್ನದು" ಎಂದು ಕೊಟ್ಟು ಕೆಲಸದ ಊರಿಗೆ ಬಸ್ಸು ಹತ್ತುತ್ತಾರೆ. ಯಂತ್ರ ನಮ್ಮ ಹತ್ತಿರ, ಬಲ್ಲವರು ದೂರ!

ಬಂದ ಕಾಗದಗಳಲ್ಲಿ ಒಂದನ್ನು ಓದಿ ಮನಸ್ಸಿಗೆ ಕಸಿವಿಸಿಯಾಯಿತು. ಸಾಗರದ ಕಡೆಯ ತಾಯಿಯೊಬ್ಬರು ಬರೆದದ್ದು. ಅವರ ಮಗಳು ಜರ್ಮನಿಯಲ್ಲಿದ್ದಾಳೆ, ಏಳು ತಿಂಗಳ ಗರ್ಭಿಣಿ. ಪ್ರತಿ ಭಾನುವಾರ ಸಂಜೆ ಲ್ಯಾಪ್‌ಟಾಪನ್ನು ಟೀವಿಗೆ ಜೋಡಿಸಿ ಅಜ್ಜಿ, ಅಮ್ಮ, ಚಿಕ್ಕಮ್ಮ ಎಲ್ಲರೂ ಕೂತು ಅವಳೊಡನೆ ಮಾತಾಡುತ್ತಾರೆ. "ನಾಲ್ಕು ವಾರದಿಂದ ಹುಡುಗಿಯ ಮುಖ ಬಾತುಕೊಂಡಿದೆ. ಕೈ ಸಹ ದಪ್ಪ. ಕೇಳಿದರೆ 'ಅಮ್ಮಾ, ನಾನು ಸರಿಯಾಗೇ ಇದ್ದೀನಿ, ನೀನು ಸುಮ್ಮನೆ ಹೆದರ್ತೀಯ' ಅಂತಾಳೆ. ನಮ್ಮ ಅತ್ತೆಯವರು ಇದು ಒಳ್ಳೆಯ ಲಕ್ಷಣ ಅಲ್ಲ ಅಂತ ರಾತ್ರಿಯೆಲ್ಲ ಮಲಗುವುದಿಲ್ಲ. ಟಿಕೆಟ್ಟಿಗೆ ದುಡ್ಡು ಹೊಂದಿಸಿ ಈಗಲೇ ಹೊರಡೋಣವೇ ಅಂತ ಯಜಮಾನರು ಕೇಳುತ್ತಿದ್ದಾರೆ" ಎಂದು ಬರೆದಿದ್ದಾರೆ.

ಇದು ವೈದ್ಯರ ಪುಟಕ್ಕೆ ಹೋಗಬೇಕಾದ ಕಾಗದ. ಆದರೆ ಆ ತಾಯಿ ಕೊನೆಯಲ್ಲಿ, ತಾವೇ ಮುಖ್ಯವೆಂದು ಎಣಿಸದೆ, ಎರಡು ಮಾತು ಸೇರಿಸಿದ್ದಾರೆ. ಒಂದು: "ಮಗಳ ಹಿಂದಿನ ಗೋಡೆಯ ಗಡಿಯಾರ ಕೂಡ ಮೊಟ್ಟೆ ಹಾಗೆ ಕಾಣುತ್ತೆ, ಆ ದೇಶದ ಫ್ಯಾಶನ್ ಇರಬೇಕು." ಇನ್ನೊಂದು: "ಡಿಶ್ ಡಬ್ಬಿಗೂ ಕಂಪ್ಯೂಟರಿಗೂ ಟೀವಿಯಲ್ಲಿ ಒಂದೇ ಜಾಗ ಇರೋದರಿಂದ ಹೋದ ತಿಂಗಳು ಪೇಟೆಯಿಂದ ಎರಡನ್ನೂ ಸಿಕ್ಕಿಸುವ ಒಂದು ಸಣ್ಣ ಡಬ್ಬಿ ತಂದೆವು." ನೋಡಿದಿರಾ? ಡಬ್ಬಿ ಬಂದು ಒಂದು ತಿಂಗಳು, ಮುಖ ಊದಿಕೊಂಡು ನಾಲ್ಕು ವಾರ. ಹುಡುಗಿಯ ಜೊತೆ ಗಡಿಯಾರವೂ ಊದಿಕೊಂಡಿದೆ. ಗಡಿಯಾರಕ್ಕೆ ಯಾವ ಬಸುರಿನ ಬಾವು ಬರುತ್ತದೆ ತಾಯಿ?

ಆದರೂ ಇಂಥ ವಿಷಯದಲ್ಲಿ ಯಂತ್ರದ ಮೇಲೆ ತಪ್ಪು ಹೊರಿಸಿ ಸುಮ್ಮನೆ ಕೂರಬಾರದು. ಐದು ತಿಂಗಳು ತುಂಬಿದ ಮೇಲೆ ಮುಖ, ಕೈಗಳು ಇದ್ದಕ್ಕಿದ್ದಂತೆ ಊದಿಕೊಂಡರೆ, ಬಿಡದ ತಲೆನೋವು ಬಂದರೆ, ಕಣ್ಣ ಮುಂದೆ ಮಿಂಚು ಹೊಡೆದಂತಾದರೆ, ಪಕ್ಕೆಲುಬಿನ ಕೆಳಗೆ ನೋವಾದರೆ ಅದು ರಕ್ತದ ಒತ್ತಡದ ತೊಂದರೆ ಇರಬಹುದು, ಅಂದೇ ವೈದ್ಯರನ್ನು ಕಾಣಬೇಕು. ಆದ್ದರಿಂದ ಮೊದಲು ಮಗಳಿಗೆ ಫೋನು ಮಾಡಿ ಎರಡೇ ಪ್ರಶ್ನೆ ಕೇಳಿ: ಕಳೆದ ಸಲ ಆಸ್ಪತ್ರೆಯಲ್ಲಿ ಬಿ.ಪಿ. ಎಷ್ಟಿತ್ತು? ಮೂತ್ರ ಪರೀಕ್ಷೆಯಲ್ಲಿ ಪ್ರೋಟೀನ್ ಬಂದಿತ್ತೇ? "ಚೆನ್ನಾಗಿದ್ದೀನಿ" ಎಂಬ ಉತ್ತರಕ್ಕಿಂತ ಈ ಎರಡು ಉತ್ತರ ಅಜ್ಜಿಗೂ ಸಮಾಧಾನ ಕೊಡುತ್ತವೆ.

ಆಮೇಲೆ ಟೀವಿಯ ಪರೀಕ್ಷೆ. ಮಗಳು ಒಂದು ಬಳೆಯನ್ನು ಕ್ಯಾಮೆರಾದ ಮುಂದೆ ನೇರವಾಗಿ ಹಿಡಿಯಲಿ. ಲ್ಯಾಪ್‌ಟಾಪಿನ ಪರದೆಯಲ್ಲಿ ಬಳೆ ದುಂಡಗೆ, ಟೀವಿಯಲ್ಲಿ ಅಡ್ಡ ಮೊಟ್ಟೆಯಾಗಿ ಕಂಡರೆ ಊದಿರುವುದು ಟೀವಿಯ ಚಿತ್ರ. ಎರಡು ಕಡೆಯೂ ಬಳೆ ದುಂಡಗಿದ್ದು ಮುಖ ಮಾತ್ರ ಬಾತಿದ್ದರೆ ಇನ್ನು ತಡ ಮಾಡದೆ ಅವಳನ್ನು ವೈದ್ಯರ ಹತ್ತಿರ ಕಳಿಸಿ.

ಚಿತ್ರ ಹೇಗೆ ಊದುತ್ತದೆ

ನಾವು ರಂಗೋಲಿ ಇಡುವಾಗ ಇಷ್ಟು ಚುಕ್ಕಿ, ಇಷ್ಟು ಸಾಲು ಎಂದು ಲೆಕ್ಕ ಇಟ್ಟುಕೊಳ್ಳುತ್ತೇವಲ್ಲ, ಪರದೆಯ ಚಿತ್ರವೂ ಅದೇ. ಫುಲ್ ಎಚ್‌ಡಿ ಎನ್ನುವ ಟೀವಿಯಲ್ಲಿ ಸಾಲಿಗೆ 1920 ಚುಕ್ಕಿ, ಒಟ್ಟು 1080 ಸಾಲು. ಈ ಚುಕ್ಕಿಗಳ ಲೆಕ್ಕಕ್ಕೇ ರೆಸಲ್ಯೂಶನ್ ಎನ್ನುವುದು. ಟೀವಿಯ ಅಂಗಳ ಎಷ್ಟು ಚುಕ್ಕಿಯದು ಎಂದು ಕಂಪ್ಯೂಟರಿಗೆ ಮೊದಲೇ ಗೊತ್ತಿರುವುದಿಲ್ಲ. ಆದ್ದರಿಂದ ತಂತಿ ಸಿಕ್ಕಿಸಿದ ತಕ್ಷಣ ಅದು ಟೀವಿಯನ್ನು ಕೇಳುತ್ತದೆ. ಟೀವಿ ತನ್ನೊಳಗೆ ಇಟ್ಟುಕೊಂಡಿರುವ ಒಂದು ಚಿಕ್ಕ ಪರಿಚಯ ಪತ್ರವನ್ನು ಕೊಡುತ್ತದೆ. ಅದಕ್ಕೆ ಇಡಿಐಡಿ ಎಂದು ಹೆಸರು. ತಯಾರಿಸಿದವರು ಯಾರು, ಯಾವ ಯಾವ ರೆಸಲ್ಯೂಶನ್ ಒಪ್ಪುತ್ತದೆ, ಅದರಲ್ಲಿ ತನಗೆ ಇಷ್ಟವಾದದ್ದು ಯಾವುದು ಎಂಬುದೆಲ್ಲ ಅದರಲ್ಲಿ ಇರುತ್ತದೆ.

ಮದುವೆ ಮನೆಯಲ್ಲಿ ಅಡಿಗೆಯವರು "ಎಷ್ಟು ಎಲೆ?" ಎಂದು ಕೇಳಿದಾಗ ಯಾರೂ ಉತ್ತರ ಕೊಡದಿದ್ದರೆ ಏನು ಮಾಡುತ್ತಾರೆ? ತಮಗೆ ತೋಚಿದಷ್ಟು ಅಕ್ಕಿ ಹಾಕುತ್ತಾರೆ. ಲಿನಕ್ಸ್ ಕೂಡ ಹಾಗೇ. ಪರಿಚಯ ಪತ್ರ ಕೈಗೆ ಬರದಿದ್ದರೆ, ಯಾವ ಪರದೆಯಾದರೂ ಒಪ್ಪೀತು ಎನ್ನುವ ಹಳೆಯ ಅಳತೆಗೆ ಇಳಿಯುತ್ತದೆ. ಸಾಮಾನ್ಯವಾಗಿ ಅದು 1024ಕ್ಕೆ 768. ಹಿಂದಿನ ಚೌಕ ಮಾನಿಟರುಗಳ ಅಳತೆ ಅದು, ಅಗಲ ನಾಲ್ಕು ಪಾಲಾದರೆ ಎತ್ತರ ಮೂರು ಪಾಲು. ಈಗಿನ ಟೀವಿ ಹದಿನಾರಕ್ಕೆ ಒಂಬತ್ತು. ಆ ಚೌಕವನ್ನು ಟೀವಿ ತನ್ನ ಅಗಲಕ್ಕೆ ಎಳೆದು ಹಾಸುತ್ತದೆ. ಎತ್ತರ ಅಷ್ಟೇ ಉಳಿಯುತ್ತದೆ, ಅಗಲ ಮೂರು ಇದ್ದದ್ದು ನಾಲ್ಕಾಗುತ್ತದೆ. ಮೂರಕ್ಕೆ ನಾಲ್ಕು! ಬಳ್ಳಿಯಂಥ ಹುಡುಗಿಯೂ ಅದರಲ್ಲಿ ಬಾತುಕೊಂಡೇ ಕಾಣುತ್ತಾಳೆ.

"ಪತ್ರ ಬರದಿದ್ದರೆ ಚಿತ್ರ ಹೇಗೆ ಬಂತು?" ಎಂದು ನೀವು ಕೇಳಬಹುದು. ಒಳ್ಳೆಯ ಪ್ರಶ್ನೆ. ಎಚ್‌ಡಿಎಂಐ ತಂತಿಯ ಮೂತಿಯಲ್ಲಿ 19 ಸಂಪರ್ಕಗಳಿವೆ. ಚಿತ್ರ ಹೋಗುವುದು ಕೆಲವು ಎಳೆಗಳಲ್ಲಿ, ಪರಿಚಯ ಪತ್ರ ಬರುವುದು 15 ಮತ್ತು 16ನೆಯ ಸಂಪರ್ಕಗಳ ಎಳೆಗಳಲ್ಲಿ. ಆ ಎರಡರಲ್ಲಿ ಒಂದು ತುಂಡಾಗಿದ್ದರೂ ಚಿತ್ರ ಬರುತ್ತದೆ, ಪತ್ರ ಬರುವುದಿಲ್ಲ. ಅಗ್ಗದ ಡಬ್ಬಿಗಳ, ಎಚ್‌ಡಿಎಂಐನಿಂದ ವಿಜಿಎ ಮಾಡುವ ಪುಟ್ಟ ಬಾಲಗಳ ಹಣೆಬರಹವೂ ಇಷ್ಟೇ. ಕೆಲವು ಪತ್ರವನ್ನು ದಾಟಿಸುವುದೇ ಇಲ್ಲ, ಕೆಲವು ತಮ್ಮದೇ ಒಂದು ಸುಳ್ಳು ಪತ್ರ ಕೊಡುತ್ತವೆ.

ಸಾಗರದ ತಾಯಿ ಮಾಡಬೇಕಾದದ್ದು ಇಷ್ಟು. ಆ ಡಬ್ಬಿಯನ್ನು ತೆಗೆದಿಡಿ. ಡಿಶ್ಶಿನ ತಂತಿ ಕಳಚಿ, ಲ್ಯಾಪ್‌ಟಾಪಿನ ತಂತಿಯನ್ನು ನೇರವಾಗಿ ಟೀವಿಗೇ ಸಿಕ್ಕಿಸಿ. ಮೊದಲು ಟೀವಿ ಹಾಕಿ, ರಿಮೋಟಿನಲ್ಲಿ ಆ ಎಚ್‌ಡಿಎಂಐ ಜಾಗವನ್ನೇ ಆರಿಸಿ, ಆಮೇಲೆ ಲ್ಯಾಪ್‌ಟಾಪ್ ಹಾಕಿ. ಈ ಕ್ರಮ ಮುಖ್ಯ. ಟೀವಿ ಮಲಗಿರುವಾಗ ಕೇಳಿದರೆ ಕೆಲವು ಟೀವಿಗಳು ಉತ್ತರ ಕೊಡುವುದಿಲ್ಲ. ಇನ್ನು ಲಿನಕ್ಸಿನ ಸೆಟ್ಟಿಂಗ್ಸ್‌ನಲ್ಲಿ ಡಿಸ್‌ಪ್ಲೇಸ್ ಎಂಬಲ್ಲಿ ಹೋಗಿ ನೋಡಿ. ಟೀವಿಯ ತಯಾರಕರ ಹೆಸರು ಅಲ್ಲಿ ಕಂಡರೆ ಪತ್ರ ಬಂದಿದೆ ಎಂದರ್ಥ. ಹೆಸರಿನ ಜಾಗದಲ್ಲಿ 'ಅನ್‌ನೋನ್' ಎಂದಿದ್ದು, ರೆಸಲ್ಯೂಶನ್ ಪಟ್ಟಿಯಲ್ಲಿ 1024ಕ್ಕೆ 768ಕ್ಕಿಂತ ಮೇಲಿನದು ಇಲ್ಲದಿದ್ದರೆ ಪತ್ರ ಬಂದಿಲ್ಲ. ಆಗ ಬೇರೆ ತಂತಿ ಹಾಕಿ ನೋಡಬೇಕು. ಪಕ್ಕದ ಮನೆಯವರದ್ದನ್ನು ಹತ್ತು ನಿಮಿಷ ಎರವಲು ತಂದರೆ ಸಾಕು, ಕೊಂಡೇ ತೀರಬೇಕೆಂದಿಲ್ಲ.

ರೆಸಲ್ಯೂಶನ್ ಬದಲಾಯಿಸಲು ಹೆದರುವವರು ಬಹಳ. "ಪರದೆ ಕಪ್ಪಾಗಿಬಿಟ್ಟರೆ?" ಎನ್ನುತ್ತೀರಿ. ಆಗಬಹುದು. ಆದರೆ ಬದಲಾಯಿಸಿದ ಮೇಲೆ "ಹೀಗೇ ಇರಲೇ?" ಎಂದು ಯಂತ್ರವೇ ಕೇಳುತ್ತದೆ. ನೀವು ಏನೂ ಒತ್ತದಿದ್ದರೆ ಸುಮಾರು ಅರ್ಧ ನಿಮಿಷದೊಳಗೆ ತಾನಾಗಿ ಹಳೆಯದಕ್ಕೆ ಮರಳುತ್ತದೆ. ಕೈಕಟ್ಟಿ ಕೂತರೆ ಸಾಕು.

ತಂತಿ ಬದಲಾಯಿಸಿದರೂ ಪತ್ರ ಬರದ ಹಳೆಯ ಟೀವಿಗಳೂ ಇವೆ. ಅವಕ್ಕೆ ಬಲ್ಲವರೊಬ್ಬರು ಕೈಯಿಂದ ಅಳತೆ ಹೇಳಿಕೊಡಬೇಕು. ಎಕ್ಸ್, ಆರ್, ಎ, ಎನ್, ಡಿ, ಆರ್ ಎಂಬ ಆರಕ್ಷರದ ಒಂದು ಆಜ್ಞೆ ಇದೆ, ಎಕ್ಸ್‌ರ್ಯಾಂಡರ್ ಎನ್ನುತ್ತಾರೆ. ಟರ್ಮಿನಲ್ ಎಂಬ ಕಪ್ಪು ಕಿಟಕಿಯಲ್ಲಿ ಅದನ್ನು ಬರೆದು ಒತ್ತಿದರೆ ಟೀವಿ ಒಪ್ಪುವ ಅಳತೆಗಳ ಪಟ್ಟಿ ಬರುತ್ತದೆ. ನಕ್ಷತ್ರದ ಗುರುತಿರುವುದು ಈಗ ನಡೆಯುತ್ತಿರುವುದು, ಕೂಡಿಸುವ ಗುರುತಿರುವುದು ಟೀವಿಗೆ ಇಷ್ಟವಾದದ್ದು. ಪಟ್ಟಿಯಲ್ಲಿ ಇಲ್ಲದ ಅಳತೆಯನ್ನು ಇದೇ ಆಜ್ಞೆಯಿಂದ ಸೇರಿಸಲೂಬಹುದು, ಆದರೆ ಯಂತ್ರ ಆರಿಸಿ ಹಾಕಿದರೆ ಸೇರಿಸಿದ್ದು ಮರೆತುಹೋಗುತ್ತದೆ. ಇದು ನಡೆಯುವುದು ಕ್ಸಾರ್ಗ್ ಎಂಬ ಹಳೆಯ ಪದ್ಧತಿಯಲ್ಲಿ. ವೇಲ್ಯಾಂಡ್ ಎಂಬ ಹೊಸ ಪದ್ಧತಿಯಲ್ಲಿ ಹೀಗೆ ಸೇರಿಸಲು ಬರುವುದಿಲ್ಲ. ಉಬುಂಟು 24.04 ಇರುವವರು ಒಳಗೆ ಹೋಗುವಾಗ ಕಾಣುವ ಹಲ್ಲುಚಕ್ರದ ಗುರುತನ್ನು ಒತ್ತಿ ಕ್ಸಾರ್ಗ್ ಆರಿಸಿಕೊಳ್ಳಬಹುದು. 25.10ರಲ್ಲಿ ಆ ಬಾಗಿಲು ಮುಚ್ಚಿದರು. ಇಷ್ಟನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ, ಮಗ ಫೋನು ಮಾಡಿದಾಗ ಓದಿ ಹೇಳಿದರೆ ಅವನು ಅರ್ಥ ಮಾಡಿಕೊಳ್ಳುತ್ತಾನೆ.

ಅರ್ಧ ಇಂಚು ಎಲ್ಲಿ ಹೋಯಿತು

ಎರಡನೆಯ ಕಾಗದ ಗದಗದ ಸೋದರಿಯೊಬ್ಬರದು. ಮನೆಯಲ್ಲೇ ಹನ್ನೆರಡು ಹುಡುಗಿಯರಿಗೆ ಹೊಲಿಗೆ ಕಲಿಸುತ್ತಾರೆ. ಕುಪ್ಪಸದ ನಕ್ಷೆಗಳನ್ನು ಲಿನಕ್ಸ್ ಮಿಂಟ್ ಹಾಕಿದ ಲ್ಯಾಪ್‌ಟಾಪಿನಿಂದ 32 ಇಂಚಿನ ಟೀವಿಯಲ್ಲಿ ತೋರಿಸುತ್ತಾರೆ. ಎಲ್ಲರಿಗೂ ಒಟ್ಟಿಗೆ ಕಾಣಲಿ ಎಂದು ಮಾಡಿದ ಒಳ್ಳೆಯ ಏರ್ಪಾಡು. ಆದರೆ ಟೀವಿಯಲ್ಲಿ ನಾಲ್ಕೂ ಅಂಚು ಕತ್ತರಿಸಿಹೋಗುತ್ತದೆ. ಕೆಳಗಿನ ಪಟ್ಟಿಯ ಗಡಿಯಾರ ಅರ್ಧ ಕಾಣುತ್ತದೆ, ಮೇಲೆ ಕಿಟಕಿ ಮುಚ್ಚುವ ಗುಂಡಿ ಕಾಣುವುದೇ ಇಲ್ಲ.

"ಅದನ್ನೇನೋ ಸಹಿಸಿಕೊಂಡಿದ್ದೆ. ಹೋದ ವಾರ ಒಬ್ಬ ಹುಡುಗಿ ಟೀವಿ ನೋಡಿ ಉದ್ದದ ಅಳತೆ ಬರೆದುಕೊಂಡಳು. ನಕ್ಷೆಯ ಬಲ ಅಂಚಿನಲ್ಲಿ 14½ ಅಂತ ಇತ್ತು. ಟೀವಿಯಲ್ಲಿ ಬರೀ 14 ಕಂಡಿದೆ. ಅದೇ ಅಳತೆಗೆ ಗಿರಾಕಿಯ ಗುಳೇದಗುಡ್ಡದ ಖಣಕ್ಕೆ ಕತ್ತರಿ ಹಾಕಿದಳು. ಖಣ ಹೋಯಿತು, ದುಡ್ಡು ನಾನು ಕಟ್ಟಿಕೊಟ್ಟೆ. ಹುಡುಗಿ ಅಳುತ್ತಾ ಹೋದವಳು ಮೂರು ದಿನದಿಂದ ಕ್ಲಾಸಿಗೆ ಬಂದಿಲ್ಲ. ರಿಪೇರಿಯವರನ್ನು ಕರೆಸಿದೆ. 'ಅಕ್ಕಾರ, ಪ್ಯಾನೆಲ್ ಹೋಗೈತ್ರಿ, ಇದಕ್ಕ ರೊಕ್ಕಾ ಹಾಕಬ್ಯಾಡ್ರಿ, ಹೊಸಾದ ತಗೋರಿ' ಅಂದರು. ಹೊಸ ಟೀವಿ ಕೊಳ್ಳುವಷ್ಟು ಫೀ ನನಗೆ ವರ್ಷಕ್ಕೂ ಉಳಿಯೋದಿಲ್ಲ."

ಕೊಳ್ಳಬೇಡಿ, ಅಕ್ಕಾ! ಪ್ಯಾನೆಲ್ ಹೋಗಿದ್ದರೆ ಗೆರೆ ಬೀಳುತ್ತದೆ, ಕಪ್ಪು ಕಲೆ ಬರುತ್ತದೆ. ನಾಲ್ಕೂ ಕಡೆ ಒಂದೇ ಸಮನೆ ಅಂಚು ಕತ್ತರಿಸಿದಂತೆ ಕಾಣುವುದು ಪ್ಯಾನೆಲಿನ ರೋಗವಲ್ಲ. ಅದು ಟೀವಿಗಳ ಹಳೆಯ ಚಾಳಿ, ಓವರ್‌ಸ್ಕ್ಯಾನ್ ಎನ್ನುತ್ತಾರೆ.

ಬೆಂಗಳೂರು ದೂರದರ್ಶನ 1981ರ ನವೆಂಬರಿನಲ್ಲಿ ಶುರುವಾದಾಗ ಮನೆಗೆ ಬಂದ ಡಯನೋರಾ, ಸಾಲಿಡೇರ್ ಪೆಟ್ಟಿಗೆಗಳು ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬೇಕು. ವೋಲ್ಟೇಜ್ ಇಳಿದರೆ ಚಿತ್ರ ಒಳಗೆ ಕುಗ್ಗುತ್ತಿತ್ತು. ಕುಗ್ಗಿದಾಗ ಸುತ್ತ ಕಪ್ಪು ಅಂಚು ಕಾಣಬಾರದೆಂದು ತಯಾರಿಸುವವರು ಚಿತ್ರವನ್ನು ಮೊದಲೇ ಗಾಜಿಗಿಂತ ಸ್ವಲ್ಪ ದೊಡ್ಡದಾಗಿ ಬಿಡುತ್ತಿದ್ದರು. ನಾವು ಸೀರೆಯ ಫಾಲ್ಸನ್ನು ಅಂಚಿಗಿಂತ ಒಳಗೆ ಮಡಚಿ ಹೊಲಿಯುವುದಿಲ್ಲವೇ, ಹಾಗೆ. ವಾರ್ತೆ ಓದುವವರು ನಡುವೆ ಕೂತಿರುತ್ತಿದ್ದರಿಂದ ಅಂಚು ಹೋದರೂ ಯಾರಿಗೂ ನಷ್ಟವಿರಲಿಲ್ಲ. ಗಾಜಿನ ಪೆಟ್ಟಿಗೆ ಹೋಗಿ ತೆಳು ಟೀವಿ ಬಂತು, ಅದರಲ್ಲಿ ಚಿತ್ರ ಕುಗ್ಗುವ ಮಾತೇ ಇಲ್ಲ. ಆದರೂ ಈ ಪದ್ಧತಿಯನ್ನು ಅನೇಕ ಟೀವಿಗಳು ಇನ್ನೂ ಬಿಟ್ಟಿಲ್ಲ. ಯಾಕೆ ಬಿಟ್ಟಿಲ್ಲ ಎಂದು ನನ್ನನ್ನು ಕೇಳಿದರೆ, ಅತ್ತೆ ಕಾಲದ ಶಾಸ್ತ್ರ ಸೊಸೆ ಕಾಲದಲ್ಲೂ ನಡೆಯುವುದಿಲ್ಲವೇ ಎಂದು ಉತ್ತರ ಕೊಡಬೇಕಾಗುತ್ತದೆ.

ಲೆಕ್ಕ ಹಾಕೋಣ. ಪ್ರತಿ ಬದಿಯಲ್ಲಿ ನೂರಕ್ಕೆ ಎರಡೂವರೆ ಪಾಲು ಕತ್ತರಿಸಿತು ಎಂದುಕೊಳ್ಳಿ. 1920ರಲ್ಲಿ ಎಡಕ್ಕೆ 48 ಚುಕ್ಕಿ, ಬಲಕ್ಕೆ 48 ಚುಕ್ಕಿ ಹೋಯಿತು. ಮೇಲೆ ಕೆಳಗೆ 27 ಸಾಲು ಹೋಯಿತು. ಮಿಂಟಿನ ಕೆಳಗಿನ ಪಟ್ಟಿ ಸಾಮಾನ್ಯವಾಗಿ 40 ಸಾಲಿನದು. 27 ಹೋದರೆ 13 ಉಳಿಯಿತು, ಗಡಿಯಾರ ಅರ್ಧ ಕಾಣದೆ ಇನ್ನೇನಾದೀತು? ಬಲಗಡೆಯ 48 ಚುಕ್ಕಿಯಲ್ಲಿ ಒಂದು '½' ಆರಾಮವಾಗಿ ಅಡಗಿಕೊಳ್ಳುತ್ತದೆ. ಆ ಹುಡುಗಿ ಕಂಡದ್ದನ್ನೇ ಬರೆದುಕೊಂಡಳು, ಅವಳನ್ನು ಕರೆಸಿ ಇದನ್ನು ಹೇಳಿ.

ಇನ್ನೊಂದು ಅಪಾಯವೂ ಇದರಲ್ಲಿದೆ. ಅಂಚು ಹೋದಷ್ಟೂ ಉಳಿದ ಚಿತ್ರ ದೊಡ್ಡದಾಗುತ್ತದೆ, ಈ ಲೆಕ್ಕದಲ್ಲಿ ನೂರಕ್ಕೆ ಐದು ಪಾಲು. ನಿಜ ಅಳತೆಯಲ್ಲಿ ನಕ್ಷೆ ತೋರಿಸಿ ಟೀವಿಯ ಮೇಲೇ ಟೇಪು ಹಿಡಿದರೆ 14 ಇಂಚು ಹೆಚ್ಚುಕಡಿಮೆ 14¾ ಎನ್ನುತ್ತದೆ. ಟೀವಿಯಿಂದ ಅಳತೆ ತೆಗೆಯುವ ಅಭ್ಯಾಸವನ್ನೇ ಬಿಡಿಸಿ. ಕಾಗದ ಒತ್ತಿ ಗೆರೆ ಎಳೆಯುವುದಂತೂ ಬೇಡವೇ ಬೇಡ. ತೆಳು ಪರದೆ ಒತ್ತಡ ತಡೆಯುವುದಿಲ್ಲ, ಆಗ ರಿಪೇರಿಯವರ ಮಾತು ನಿಜವಾಗಿಬಿಡುತ್ತದೆ.

ಪರಿಹಾರ ಕಂಪ್ಯೂಟರಿನಲ್ಲಿ ಹುಡುಕಬೇಡಿ, ಟೀವಿಯ ರಿಮೋಟಿನಲ್ಲಿದೆ. ಕಂಪ್ಯೂಟರ್ ಚಿತ್ರ ಟೀವಿಯಲ್ಲಿ ಇರುವಾಗಲೇ ಮೆನು ಒತ್ತಿ, ಪಿಕ್ಚರ್ ಅಥವಾ ಸ್ಕ್ರೀನ್ ಎಂಬಲ್ಲಿ, ಆಸ್ಪೆಕ್ಟ್ ರೇಶಿಯೋ ಅಥವಾ ಪಿಕ್ಚರ್ ಸೈಜ್ ಎಂಬುದನ್ನು ಹುಡುಕಿ. ಅಲ್ಲಿರುವ ಹೆಸರು ಒಬ್ಬೊಬ್ಬರದು ಒಂದೊಂದು. ಎಲ್‌ಜಿಯವರು ಜಸ್ಟ್ ಸ್ಕ್ಯಾನ್ ಎನ್ನುತ್ತಾರೆ. ಸ್ಯಾಮ್‌ಸಂಗ್‌ನ ಹಳೆಯ ಟೀವಿಗಳಲ್ಲಿ ಸ್ಕ್ರೀನ್ ಫಿಟ್, ಹೊಸವುಗಳಲ್ಲಿ ಫಿಟ್ ಟು ಸ್ಕ್ರೀನ್. ಸೋನಿಯಲ್ಲಿ ಡಿಸ್‌ಪ್ಲೇ ಏರಿಯಾ ಎಂಬುದರ ಕೆಳಗೆ ಫುಲ್ ಪಿಕ್ಸೆಲ್. ಫಿಲಿಪ್ಸ್‌ನಲ್ಲಿ ಅನ್‌ಸ್ಕೇಲ್ಡ್. ಪ್ಯಾನಸಾನಿಕ್‌ನಲ್ಲಿ ಓವರ್‌ಸ್ಕ್ಯಾನ್ ಎಂದೇ ಇರುತ್ತದೆ, ಅದನ್ನು ಆಫ್ ಮಾಡುವುದು. ಹೆಸರು ಯಾವುದೇ ಇರಲಿ, ಒತ್ತಿದ ಕೂಡಲೇ ನಾಲ್ಕೂ ಅಂಚು ಒಳಕ್ಕೆ ಬಂದು ಕೂರುತ್ತವೆ. ಕೆಲವು ಟೀವಿಗಳಲ್ಲಿ ಆ ಎಚ್‌ಡಿಎಂಐ ಜಾಗಕ್ಕೆ ಪಿಸಿ ಎಂದು ಹೆಸರು ಕೊಟ್ಟರೂ ಇದೇ ಕೆಲಸ ಆಗುತ್ತದೆ, ಅಕ್ಷರಗಳೂ ಸ್ವಚ್ಛವಾಗುತ್ತವೆ.

ಟೀವಿಯ ಮೆನುವಿನಲ್ಲಿ ಏನೂ ಸಿಗಲಿಲ್ಲ ಎನ್ನಿ. ಉಬುಂಟು ಇರುವವರು ಡಿಸ್‌ಪ್ಲೇಸ್ ಪುಟದಲ್ಲಿ ಅಡ್ಜಸ್ಟ್ ಫಾರ್ ಟೀವಿ ಎಂಬ ಸ್ವಿಚ್ಚು ಇದೆಯೇ ನೋಡಿ. ಎಲ್ಲ ಯಂತ್ರದಲ್ಲೂ ಅದು ಕಾಣುವುದಿಲ್ಲ, ಒಳಗಿರುವ ಗ್ರಾಫಿಕ್ಸ್ ಚಿಪ್ಪು ಒಪ್ಪಿದರೆ ಮಾತ್ರ. ಅದು ಚಿತ್ರವನ್ನೇ ಸ್ವಲ್ಪ ಕುಗ್ಗಿಸಿ ಕಳಿಸುತ್ತದೆ. ಅಂಚು ಕಾಣುತ್ತದೆ, ಆದರೆ ಅಕ್ಷರ ಒಂದು ಚೂರು ಮಸುಕಾಗುತ್ತದೆ. ಕುಪ್ಪಸ ದೊಡ್ಡದಾಯಿತೆಂದು ಟಕ್ಸ್ ಹಿಡಿದಂತೆ, ಕೆಲಸ ನಡೆಯುತ್ತದೆ ಅಷ್ಟೆ.

ಗದಗದ ಅಕ್ಕನ ಟೀವಿ 32 ಇಂಚಿನದು, ಹಳೆಯದು. ಎಚ್‌ಡಿ ರೆಡಿ ಎಂಬ ಜಾತಿಯದಿರಬಹುದು. ಆ ಹೆಸರನ್ನು ಇಟ್ಟವರು ಜಾಣರು. ಅದರಲ್ಲಿ ಸಾಮಾನ್ಯವಾಗಿ ಇರುವುದು 1366ಕ್ಕೆ 768 ಚುಕ್ಕಿ. 1080 ಸಾಲಿನ ಚಿತ್ರ ಕೊಟ್ಟರೆ ಒಪ್ಪಿಕೊಂಡು 768ಕ್ಕೆ ಇಳಿಸಿ ತೋರಿಸುತ್ತದೆ, ಸಣ್ಣ ಅಂಕಿಗಳು ಕಲಸಿಹೋಗುತ್ತವೆ. ಇಂಥ ಟೀವಿಗೆ ಡಿಸ್‌ಪ್ಲೇ ಪಟ್ಟಿಯಲ್ಲಿ 1366ಕ್ಕೆ 768 ಇದ್ದರೆ ಅದನ್ನು, ಇಲ್ಲದಿದ್ದರೆ 1360ಕ್ಕೆ 768 ಅನ್ನು ಆರಿಸಿ. 1366 ಯಾಕೆ ಕೆಲವೊಮ್ಮೆ ಪಟ್ಟಿಯಲ್ಲೇ ಇರುವುದಿಲ್ಲ ಗೊತ್ತೇ? ಪರಿಚಯ ಪತ್ರದ ಒಂದು ಭಾಗದಲ್ಲಿ ಅಗಲವನ್ನು ಎಂಟೆಂಟರ ಲೆಕ್ಕದಲ್ಲೇ ಬರೆಯಬೇಕು. 1360 ಎಂಟರಿಂದ ಭಾಗವಾಗುತ್ತದೆ, 1366 ಆಗುವುದಿಲ್ಲ. ಆರು ಚುಕ್ಕಿ ಬಿಟ್ಟುಕೊಟ್ಟರೆ ನಷ್ಟವೇನೂ ಇಲ್ಲ. ಜೊತೆಗೆ, ಈ ಅಳತೆ ಕಂಡರೆ ಅನೇಕ ಟೀವಿಗಳು ಇದು ಕಂಪ್ಯೂಟರಿನದು ಎಂದು ತಿಳಿದು ಅಂಚು ಕತ್ತರಿಸುವುದನ್ನು ತಾವೇ ಬಿಡುತ್ತವೆ.

ಇದೆಲ್ಲ ಸರಿಯಾಗುವ ತನಕ ಕಾಣದ ಗುಂಡಿಗಳ ಗತಿ? ಆಲ್ಟ್ ಮತ್ತು ಎಫ್4 ಒಟ್ಟಿಗೆ ಒತ್ತಿದರೆ ಕಿಟಕಿ ಮುಚ್ಚುತ್ತದೆ. ಮಿಂಟಿನಲ್ಲಿ ಆಲ್ಟ್ ಒತ್ತಿಹಿಡಿದು ಮೌಸಿನಿಂದ ಕಿಟಕಿಯನ್ನು ಎಲ್ಲಿ ಹಿಡಿದರೂ ಎಳೆಯಬಹುದು. ನಕ್ಷೆಯನ್ನು ನಡುವಿಗೆ ಎಳೆದು ತೋರಿಸಿ, ಬುಧವಾರದ ಕ್ಲಾಸು ನಿಲ್ಲದಿರಲಿ.

ಉಳಿದವರಿಗೆ

ಬೆಂಗಳೂರಿನ ಇಬ್ಬರು, ಚಿತ್ರ ಕತ್ತರಿಸಿಲ್ಲ, ಊದಿಲ್ಲ, ಆದರೆ ಮಂಜು ಕವಿದಂತಿದೆ ಎಂದಿದ್ದೀರಿ. ನೀವು ಮಿರರ್ ಎಂಬ ಏರ್ಪಾಡಿನಲ್ಲಿ ಇದ್ದೀರಿ, ಅಂದರೆ ಲ್ಯಾಪ್‌ಟಾಪಿನಲ್ಲೂ ಟೀವಿಯಲ್ಲೂ ಒಂದೇ ಚಿತ್ರ. ಎರಡಕ್ಕೂ ಹೊಂದುವ ಒಂದು ಅಳತೆಯನ್ನು ಅದು ಹುಡುಕಬೇಕು. ಲ್ಯಾಪ್‌ಟಾಪ್ 1366ರದು, ಟೀವಿ 1920ರದು ಆದರೆ ದೊಡ್ಡವರು ಚಿಕ್ಕವರ ಮಟ್ಟಕ್ಕೆ ಬಗ್ಗಬೇಕಾಗುತ್ತದೆ. ಡಿಸ್‌ಪ್ಲೇಸ್ ಪುಟದಲ್ಲಿ ಟೀವಿ ಒಂದನ್ನೇ ಆರಿಸಿ 1920ಕ್ಕೆ 1080 ಕೊಡಿ. ಉಬುಂಟುವಿನಲ್ಲಿ ವಿಂಡೋಸ್ ಗುರುತಿನ ಗುಂಡಿಯನ್ನೂ ಪಿ ಅಕ್ಷರವನ್ನೂ ಒಟ್ಟಿಗೆ ಒತ್ತಿದರೂ ಈ ಆಯ್ಕೆಗಳು ಬರುತ್ತವೆ. 1080ರ ಪಕ್ಕದಲ್ಲಿ ಐ ಎಂಬ ಅಕ್ಷರವಿರುವ ಅಳತೆಯನ್ನು ಮಾತ್ರ ಮುಟ್ಟಬೇಡಿ. ಅದು ಸಾಲು ಬಿಟ್ಟು ಸಾಲು ಬರೆಯುವ ಕ್ರಮ, ಸಣ್ಣ ಗೆರೆಗಳು ನಡುಗಿ ಕಣ್ಣು ನೋಯುತ್ತದೆ.

43 ಇಂಚಿನ 4ಕೆ ಟೀವಿ ಕೊಂಡವರೊಬ್ಬರು ಮೌಸು ಜೇನಿನಲ್ಲಿ ಬಿದ್ದ ಇರುವೆಯಂತೆ ನಡೆಯುತ್ತದೆ ಎಂದು ಚೆನ್ನಾಗಿ ಬರೆದಿದ್ದಾರೆ. ಹಳೆಯ ಲ್ಯಾಪ್‌ಟಾಪಿನ ಎಚ್‌ಡಿಎಂಐ 1.4ರ ಕಾಲದ್ದಾದರೆ 3840ಕ್ಕೆ 2160ರ ಚಿತ್ರವನ್ನು ಸೆಕೆಂಡಿಗೆ 30 ಸಲ ಮಾತ್ರ ಕಳಿಸಬಲ್ಲದು. 1920ಕ್ಕೆ 1080ಕ್ಕೆ ಇಳಿಸಿ, ರಿಫ್ರೆಶ್ ರೇಟ್ ಎಂಬಲ್ಲಿ 60 ಆರಿಸಿ. ಮೌಸು ಓಡುತ್ತದೆ. ಅಕ್ಷರವೂ ದೊಡ್ಡದಾಗುತ್ತದೆ, ಸೋಫಾದ ಮೇಲೆ ಕೂತು ಓದಲು ಅದೇ ಅನುಕೂಲ. ಯಂತ್ರ ಹೊಸದಾಗಿದ್ದು 4ಕೆಯಲ್ಲೇ ಇರಬೇಕೆಂದರೆ ರೆಸಲ್ಯೂಶನ್ ಮುಟ್ಟದೆ, ಸ್ಕೇಲ್ ಎಂಬುದನ್ನು 200 ಮಾಡಿ.

ಮೈಸೂರಿನವರ ಮಗ ರಾಸ್ಪ್‌ಬೆರ್ರಿ ಪೈ ಎಂಬ ಅಂಗೈ ಅಗಲದ ಯಂತ್ರ ತಂದಿದ್ದಾನಂತೆ, ಅದರಲ್ಲಿ ಉಲ್ಟಾ ತೊಂದರೆ. ಸುತ್ತ ಕಪ್ಪು ಅಂಚು, ಚಿತ್ರ ನಡುವೆ ಕುಗ್ಗಿ ಕೂತಿದೆ. ಟೀವಿ ಕತ್ತರಿಸುತ್ತದೆ ಎಂದು ಹೆದರಿ ಅದು ಮೊದಲೇ ಅಂಚು ಬಿಟ್ಟಿದೆ. ಅದರ ಕಾನ್ಫಿಗರೇಶನ್ನಿನಲ್ಲಿ ಡಿಸ್‌ಪ್ಲೇ ವಿಭಾಗದಲ್ಲಿ ಅಂಡರ್‌ಸ್ಕ್ಯಾನ್ ಅಥವಾ ಓವರ್‌ಸ್ಕ್ಯಾನ್ ಎಂಬುದನ್ನು ಆರಿಸಿಬಿಡಲು ಮಗನಿಗೆ ಹೇಳಿ.

ಚಿತ್ರ ಸರಿಯಿದೆ, ಮಾತು ಮಾತ್ರ ಲ್ಯಾಪ್‌ಟಾಪಿನಿಂದಲೇ ಬರುತ್ತದೆ ಎಂದ ತುಮಕೂರಿನವರು ಸೆಟ್ಟಿಂಗ್ಸ್‌ನ ಸೌಂಡ್ ಪುಟದಲ್ಲಿ ಔಟ್‌ಪುಟ್ ಎಂಬುದನ್ನು ಎಚ್‌ಡಿಎಂಐಗೆ ಬದಲಾಯಿಸಿದರೆ ಸಾಕು. ಕಪ್ಪು ಬಣ್ಣ ಬೂದಿ ಬಣ್ಣವಾಗಿ ಕಾಣುತ್ತದೆ ಎಂದವರು ಟೀವಿಯ ಮೆನುವಿನಲ್ಲಿ ಎಚ್‌ಡಿಎಂಐ ಬ್ಲ್ಯಾಕ್ ಲೆವೆಲ್ ಎಂಬುದನ್ನು ಒಮ್ಮೆ ಬದಲಾಯಿಸಿ ನೋಡಿ.

ಸಾಗರದ ತಾಯಿಗೆ ಒಂದು ಮಾತು. ಈ ಸಂಚಿಕೆ ಕೈಗೆ ಬರುವ ತನಕ ಕಾಯಬಾರದೆಂದು ಬಳೆಯ ಪರೀಕ್ಷೆಯನ್ನೂ ಬಿ.ಪಿ.ಯ ಪ್ರಶ್ನೆಗಳನ್ನೂ ಬೇರೆ ಕಾಗದದಲ್ಲಿ ಬರೆದು ಆಗಲೇ ಹಾಕಿದ್ದೇನೆ. ಮಗಳ ಉತ್ತರ ಏನು ಬಂತು, ಎರಡೇ ಸಾಲು ಬರೆಯಿರಿ. ಡಿಶ್ಶಿಗೂ ಲ್ಯಾಪ್‌ಟಾಪಿಗೂ ಮತ್ತೆ ಡಬ್ಬಿ ಬೇಕೇ ಬೇಕೆಂದಿದ್ದರೆ, ಕೊಳ್ಳುವಾಗ "ಇದು ಇಡಿಐಡಿ ದಾಟಿಸುತ್ತದೆಯೇ?" ಎಂದು ಕೇಳಿ, ಅಂಗಡಿಯವರು ಮುಖ ಮುಖ ನೋಡಿದರೆ ಬೇರೆ ಅಂಗಡಿಗೆ ಹೋಗಿ.

ಮುಂದಿನ ಸಂಚಿಕೆಗೆ ಮಿಕ್ಸಿ ಜಾರಿನ ಸೋರುವ ವಾಶರು.